ಮುಚ್ಚಳ ತೆಗೆಯದ ಕೊಳವೆ

ನವೆಂಬರ್ ಹನ್ನೆರಡು, ವಿನಿಪೆಗ್

ತಪ್ಪು ಮಾಡಿದ್ದು ನಾನು, ಆದರೂ ಸಂಶೋಧನಾ ವಿದ್ಯಾರ್ಥಿನಿ ಟೀಗನ್ನೇ ನನ್ನ ಕ್ಷಮೆ ಕೇಳಿದಳು! ಜೀವಕೋಶ ಬೇರ್ಪಡಿಸುವ ಯಂತ್ರ ನಡೆಸುವುದು ಲ್ಯಾಬಿನಲ್ಲಿ ನನ್ನ ಕೆಲಸ; ಅದರ ಕೆಳಗೆ ಕೊಳವೆ ಇಟ್ಟೆ, ಮುಚ್ಚಳ ತೆಗೆಯಲಿಲ್ಲ. ಅವಳು ಆರು ತಿಂಗಳು ಸಾಕಿದ ಇಲಿಗಳ ಕೋಶಗಳು, ಒಟ್ಟು ಸೇರಿದರೆ ಒಂದೇ ಹನಿ, ಹೊರಗೇ ಜಾರಿಹೋದವು.

"ಕೊಳವೆ ಖಾಲಿ! ಏನಾಯ್ತೋ?"

"ನಿನ್ನ ಕೋಶಗಳೇ ಸತ್ತಿದ್ವು ಕಣೇ," ಅಂದೆ. ಕೆಲಸ ಹೋದರೆ ಕೆನಡಾದಲ್ಲಿರುವ ಪರ್ಮಿಟ್ಟೂ ಹೋಗುತ್ತದೆಂಬ ಹೆದರಿಕೆ.

"ಥೂ, ನನ್ನ ಕೈಗುಣಾನೇ ಇಷ್ಟು. ನಿನ್ನ ಮಧ್ಯಾಹ್ನಾನೂ ಹಾಳು ಮಾಡ್ದೆ, ಸಾರಿ ಕಣೋ," ಎಂದು ಕಾಫಿ ಕೊಡಿಸಿದಳು. ಕುಡಿದೆನಲ್ಲ, ಅದೇ ನಾಚಿಕೆ.

ನಾಳೆ ಒಂಬತ್ತಕ್ಕೆ ಕೋಶಗಳು ತನ್ನಿಂದಲೇ ಸತ್ತವೆಂದು ತನ್ನ ಪ್ರೊಫೆಸರ್ ಮುಂದೆ ತಪ್ಪೊಪ್ಪಿಕೊಳ್ಳುತ್ತಾಳಂತೆ. ನಿಜ ಹೇಳಿಬಿಡೋಣವೆಂದು ಈಗ ಎರಡು ಸಲ ಅವಳಿಗೆ ಫೋನ್ ಮಾಡಿ, ಅವಳು ಎತ್ತುವ ಮೊದಲೇ ಇಟ್ಟೆ.

"ಯಾಕೋ ಫೋನ್ ಮಾಡಿದ್ದೆ?" ಎಂದು ಮೆಸೇಜ್ ಬಂದಿದೆ.

ಬೆಳಗ್ಗೆ ಎಂಟಕ್ಕೆ ಮಾಡುತ್ತೇನೆಂದು ಬರೆದೆ. ಬೇಡ, ಎಂಟಕ್ಕೆ ಬಸ್ಸಿನಲ್ಲಿರುತ್ತಾಳೆ. ಏಳಕ್ಕೆ. ಏಳಕ್ಕೇ ಮಾಡಬೇಕು.