ಹಗ್ಗದ ತುದಿಯ ಗಂಟು

ಬೇಟಾ ಅಲ್ತಾಫ,

ಬೆಳಿಗ್ಗೆ ಇಬ್ಬನಿ ಭಾಳ ಬಿದ್ದಿದೆ. ಸಾಣಾಪುರದ ಬಂಡೆ ಒಣಗುವ ತನಕ ಹತ್ತಬೇಡ.

ನಿನ್ನ ಜೊತೆ ಬಂಡೆ ಹತ್ತುವ ಗೌರೀಶನಿಗೆ ಬುತ್ತಿ ಕೊಡಲು ಗಂಗಾವತಿಯ ದವಾಖಾನೆಗೆ ಹೊರಟೆ. ನಿನ್ನ ರೊಟ್ಟಿ ಬುಟ್ಟಿಯಲ್ಲಿದೆ, ಉಂಡು ಹೋಗು.

ಹತ್ತಲೇಬೇಡ ಎಂದರೆ ತಾಯಿಯ ಮಾತು ನಿನ್ನ ಕಿವಿಗೆ ಬೀಳುವುದಿಲ್ಲ. ಕೌದಿ ಹೊಲಿಯುವಾಗ ದಾರದ ತುದಿಗೆ ಗಂಟು ಹಾಕದೆ ನಾನು ಸೂಜಿ ಚುಚ್ಚುವುದಿಲ್ಲ. ಗೌರೀಶನನ್ನು ಬಂಡೆಯಿಂದ ಇಳಿಸುವಾಗ ನೀನು ಹಗ್ಗದ ತುದಿಗೆ ಗಂಟು ಹಾಕಲಿಲ್ಲ. ತುದಿ ನಿನ್ನ ಕೈಯಿಂದ ಜಾರಿತು, ಅವನ ಕಾಲು ಮುರಿಯಿತು. ನಿನ್ನನ್ನು ತಡೆಯುವ ಬಲ ನನಗಿಲ್ಲ, ಅಲ್ಲಾಹನೇ ಕಾಯಲಿ.

ಹಗ್ಗ ಬಾಗಿಲ ಹಿಂದಿದೆ. ಈಗಷ್ಟೇ ಗೌರೀಶನ ತಾಯಿ ರೇಣುಕಮ್ಮ ತಂದುಕೊಟ್ಟಳು. “ನಿಮ್ಮ ಹುಡುಗಂದು ನಮ್ಮನ್ಯಾಗ ಉಳಿದಿತ್ರೀ, ತಗೋರಿ” ಎಂದಳು, ಒಂದು ಮಾತೂ ಬೈಯಲಿಲ್ಲ. ಅವಳು ಹೋದ ಮೇಲೆ ಸುರುಳಿ ಬಿಚ್ಚಿ ನೋಡಿದೆ. ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಟ್ಟಿದ್ದಾಳೆ.