ಬಲಭುಜದ ಸಕ್ಕರೆ

ಫೆಬ್ರುವರಿ 12, ಬುಧವಾರ. ಬನಹಟ್ಟಿ.

ಎಡಗೈಯಲ್ಲೇ ಬರೆಯುತ್ತಿದ್ದೇನೆ. ಬಲಗೈಗೆ ಈಗ ಹರಿದ ಎಳೆಗೆ ಗಂಟು ಹಾಕುವ ಶಕ್ತಿಯೂ ಇಲ್ಲ, ಮಗ್ಗ ನಿಂತೇ ಇದೆ.

ಬಲಭುಜ ಅದುರತೊಡಗಿದಾಗ ಸೋದರತ್ತೆ ಶೇವಂತಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ‘ಗಂಡಸಿಗೆ ಬಲಭುಜ ಅದರಿದ್ರ ಛಲೋ ಆಕ್ಕೈತಿ’ ಅಂದಿದ್ದಳು.

ಡಾಕ್ಟರು ಇವತ್ತು ಬಿಡಿಸಿ ಹೇಳಿದರು. ಮೆದುಳು, ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳು ಸಾಯುತ್ತಿವೆಯಂತೆ. ಆಜ್ಞೆ ತಪ್ಪಿದ ಸ್ನಾಯು ತಾನೇ ಅದುರುತ್ತದೆ, ಆಮೇಲೆ ಸೊರಗುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಮನೆಯಲ್ಲಿ ಹೇಳಿದರೆ ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಬಂದಳು. ‘ಡಾಕ್ಟರಗೇನ ಗೊತ್ತಲೇ? ತಿಕ್ಕಿದ್ರ ಕೈ ತುಂಬತೈತಿ. ಶಕುನ ಸುಳ್ಳ ಆಗಂಗಿಲ್ಲ.’ ಆ ಮುಖ ಕಂಡರೇ ಮೈ ಉರಿಯುತ್ತದೆ. ನನ್ನ ಕೈ ಸಾಯುವಾಗ ಸಿಹಿ ಹಂಚಿದವಳು.

ಅಂಗಿ ಬಿಚ್ಚಿ ಎಡಭುಜ ತೋರಿಸಿದೆ. ಚರ್ಮದ ಕೆಳಗೆ ಹುಳ ಹರಿದಂತೆ ಅದುರುತ್ತಿತ್ತು. ‘ಇದಕ್ಕೇನ ಹಂಚತಿ ಬೇ, ಅತ್ತಿ?’ ಎಂದೆ.

ಗಂಡಸಿಗೆ ಎಡಭುಜ ಅದುರಿದರೆ ಕೇಡು. ಅವಳು ಬಟ್ಟಲು ಕೆಳಗಿಟ್ಟು ಗೋಡೆಗೆ ಒರಗಿದಳು. ನನಗೆ ಹಾಯೆನಿಸಿತು.

ಈಗ ನೋಡಿದರೆ ಅಕ್ಷರಗಳೂ ಸೊಟ್ಟ ಬೀಳುತ್ತಿವೆ. ಬೀಳಲಿ. ಕೊನೆಗೂ ಹೆದರಿದಳಲ್ಲ.