ಹುಳದ ಮನೆಯ ಹೊಸ್ತಿಲು

ಚಿಕ್ಕಬಳ್ಳಾಪುರ
೧೫-೪-೧೯೬೨

ಶ್ಯಾಮಲಕ್ಕನಿಗೆ,

ಇಲ್ಲ ಅಕ್ಕ, ನೀನು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. “ಅಪ್ಪ ಬೇಕೂಂತ ಮಾಡ್ಲಿಲ್ಲ, ನೀನ್ಯಾಕೆ ಮನೇಲಿ ರಾದ್ಧಾಂತ ಮಾಡ್ತೀಯೋ” ಎಂದು ಕೇಳಿದ್ದೀಯ. ಬೇಕೆಂದೇ ಮಾಡಿದ್ದರೆ ಒಂದು ದಿನ ಜಗಳವಾಡಿ ಸುಮ್ಮನಾಗುತ್ತಿದ್ದೆ.

ನೋಡು, ಕೋಪದಲ್ಲಿ ನಮಸ್ಕಾರ ಬರೆಯುವುದನ್ನೇ ಮರೆತೆ. ನಿನಗೂ ಭಾವನಿಗೂ ನಮಸ್ಕಾರ. ಪುಟ್ಟಿಯ ಕೆಮ್ಮು ವಾಸಿಯಾಯಿತೇ? ನಿನ್ನ ಕಾಗದ ಯುಗಾದಿಗೆ ಮುಂಚೆಯೇ ಬಂದಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಯಾರಾದರೂ ಜೀಪು ತೆಗೆ ಎಂದು ಕರೆಯುತ್ತಿದ್ದರು. ಎಲೆಕ್ಷನ್ ಗೆದ್ದವರ ಮನೆ ಹೇಗಿರುತ್ತದೆಂದು ಚಿಂತಾಮಣಿಯಲ್ಲಿ ಕೂತ ನಿನಗೆ ಗೊತ್ತಾಗುವುದಿಲ್ಲ. ಹಜಾರದ ತುಂಬ ಜನ. ಅಮ್ಮ ಕಾಫಿ ಕಾಯಿಸಿ ಕಾಯಿಸಿ ಸೊಂಟ ಹಿಡಿದುಕೊಂಡಿದ್ದಾಳೆ. “ಎಮ್ಮೆಲ್ಲೆ ಹೆಂಡ್ತಿ ಆಗೋ ಬದ್ಲು ಹೋಟ್ಲಿಟ್ಕೊಂಡಿದ್ರೆ ಚೆನ್ನಾಗಿತ್ತು ಕಣೋ” ಎನ್ನುತ್ತಾಳೆ.

ಸಾದಲಿಯಲ್ಲಿ ನಡೆದದ್ದನ್ನು ನಿನಗೆ ಯಾರೋ ಅರ್ಧ ಹೇಳಿದ್ದಾರೆ. ಪೂರ್ತಿ ಕೇಳು. ಅವತ್ತು ಜೀಪು ಓಡಿಸಿದವನು ನಾನೇ.

ಸಾದಲಿಯ ನಲ್ಲಪ್ಪನವರನ್ನು ನೀನು ಬಲ್ಲೆ. ಅಪ್ಪ ಕರಿಕೋಟು ಹಾಕುತ್ತಿದ್ದ ಕಾಲದಲ್ಲಿ ಅವರ ಜಮೀನಿನ ಕೇಸು ನಡೆಸಿ ಗೆಲ್ಲಿಸಿಕೊಟ್ಟರು. ಅಂದಿನಿಂದ ಪ್ರತಿ ಬೆಳೆಗೂ ಗೂಡು ಬಿಡಿಸಿದ ಮೇಲೆ ಅವರ ಹೆಂಡತಿ ಲಕ್ಷ್ಮಿದೇವಮ್ಮ ರೇಷ್ಮೆಗೂಡಿನ ಒಂದು ಹಾರ ಪೋಣಿಸಿ ನಮ್ಮ ಮನೆಗೆ ತರುತ್ತಿದ್ದರು. ಹುಳದ ಮನೆಗೆ ಹೊರಗಿನವರು ಕಾಲಿಡಬಾರದು, ಹೊಗೆಸೊಪ್ಪಿನ ಗಾಳಿಯೂ ತಾಗಬಾರದು ಎಂಬುದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆಗೆಲ್ಲ ಚಪ್ಪಲಿ ಬೀದಿಯಲ್ಲೇ ಬಿಟ್ಟು, ಅವರು ಹುಳಕ್ಕೆ ಸೊಪ್ಪು ಹಾಕಿ ಮುಗಿಸುವವರೆಗೂ ಜಗಲಿಯ ಮೇಲೆ ಕಾಯುತ್ತಿದ್ದರಂತೆ. ನೀನೇ ಹೇಳಿದ್ದು. ಆಮೇಲೆ ಗೌರಿಬಿದನೂರಿನ ಕಡೆ ಎಣ್ಣೆ ಕಂಪನಿಗೆ ಮ್ಯಾನೇಜರಾದರು. ಬೂಟು ಬಂತು, ಚುರುಟು ಬಂತು, ಕಾಯುವ ಅಭ್ಯಾಸ ಹೋಯಿತು.

ನಾವು ಓಟು ಕೇಳಲು ಹೋದ ದಿನ ಅವರ ಮನೆಯಲ್ಲಿ ಹುಳ ಹಣ್ಣಾಗುತ್ತಿತ್ತು. ಇನ್ನೇನು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಟ್ಟರೆ ಗೂಡು ಕಟ್ಟಬೇಕು. ನಲ್ಲಪ್ಪ ಬೀದಿಬಾಗಿಲಲ್ಲೇ ಹಾರ ಹಾಕಿ ಕೈಮುಗಿದು ಅಡ್ಡ ನಿಂತರು. ಅಪ್ಪನ ಎಲೆಕ್ಷನ್ ಏಜೆಂಟ್ ಕೋನಪ್ಪ ಬಿಡಬೇಕಲ್ಲ.

“ಏಮಯ್ಯಾ ನಲ್ಲಪ್ಪ, ಸಾಹೇಬ್ರನ್ನ ಬೀದೀಲೇ ನಿಲ್ಸಿ ಕಳಿಸ್ತೀಯಾ? ಊರೆಲ್ಲ ನೋಡ್ತೈತೆ. ಆ ಕಡೆಯೋರಿಗೇನಾದ್ರೂ ಮಾತು ಕೊಟ್ಟಿದೀಯಾ?”

“ಅಯ್ಯೋ ಹಂಗಲ್ಲ ಸ್ವಾಮಿ, ಹುಳ ಹಣ್ಣಾಗೈತೆ, ಅದ್ಕೆ...”

“ನಿನ್ ಹುಳಕ್ಕೂ ನನ್ ಮೇಲೆ ಕೋಪಾನೇನಯ್ಯಾ?” ಎಂದು ಅಪ್ಪ ನಕ್ಕರು. ಎಲ್ಲರೂ ನಕ್ಕರು. ನಲ್ಲಪ್ಪನೂ ನಗಬೇಕಾಯಿತು, ನಗುತ್ತಾ ಪಕ್ಕಕ್ಕೆ ಸರಿಯಬೇಕಾಯಿತು. ಅಪ್ಪ ಬೂಟಿನಲ್ಲೇ, ಉರಿಯುವ ಚುರುಟಿನ ಜೊತೆಗೇ ಒಳಗೆ ಹೋದರು. ಹಿಂದೆ ಬೀಡಿ ಕಚ್ಚಿಕೊಂಡ ಜನ. ಒಳಗಿದ್ದ ಲಕ್ಷ್ಮಿದೇವಮ್ಮ ಬಾಗಿ, ಎದುರಿಗಿದ್ದ ಹುಳದ ತಟ್ಟೆಯ ಮೇಲೆ ಸೆರಗು ಹರಡಿದರು. ಅಪ್ಪ ಅದನ್ನು ನಮಸ್ಕಾರವೆಂದುಕೊಂಡು ತಾವೂ ಕೈಮುಗಿದರು.

ಮಾರನೆಯ ದಿನ ಹುಳಗಳು ಹಸಿರು ಕಕ್ಕಿಕೊಂಡು ಸತ್ತವಂತೆ. ಇಡೀ ಬೆಳೆ ತಿಪ್ಪೆಗೆ ಹೋಯಿತು. ಅವರು ಯಾರ ಮುಂದೆಯೂ ಬಾಯಿ ಬಿಡದೆ ಓಟು ನಮಗೇ ಹಾಕಿದರು. ಅವರ ಊರಿನ ಗಂಗುಲಪ್ಪ ಶಿಡ್ಲಘಟ್ಟದ ಸಂತೆಯಲ್ಲಿ ಸಿಕ್ಕು ಹೇಳಿದ್ದಕ್ಕೆ ನನಗೆ ಗೊತ್ತಾಯಿತು.

ಅಪ್ಪನಿಗೆ ಹೇಳಿದೆ. ಬೆಚ್ಚಿಬಿದ್ದರು, ಅದನ್ನು ಸುಳ್ಳು ಎನ್ನುವುದಿಲ್ಲ. ಕೈಯಲ್ಲಿದ್ದ ಚುರುಟನ್ನು ಆಗಲೇ ಹೊಸಕಿ ಹಾಕಿದರು. “ಒಂದ್ಸಲ ಸಾದಲಿಗೆ ಹೋಗಣ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ” ಎಂದೆ. “ಹೋಗ್ಬೇಕು ಕಣಪ್ಪ” ಎಂದರು. ಅಷ್ಟರಲ್ಲಿ ಕೋನಪ್ಪ ಬಾಯಿ ಹಾಕಿದ: “ಇವತ್ತು ತಪ್ಪಾಯ್ತು ಅಂದ್ರೆ ನಾಳೆ ಬೆಳೆ ಕೆಟ್ಟೋರೆಲ್ಲ ಸಾಹೇಬ್ರ ಕಾಲ್ಗುಣ ಅಂತಾರೆ. ಎಮ್ಮೆಲ್ಲೆ ಕಾಲಿಟ್ರೆ ಹುಳ ಸಾಯ್ತದೆ ಅಂತ ಆ ಕಡೆಯೋರು ಊರೂರಿಗೂ ಡಂಗುರ ಹೊಡೀತಾರೆ.”

ಅಪ್ಪ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. “ವಕೀಲ ಆಗಿದ್ದಿದ್ರೆ ನಡ್ಕೊಂಡೇ ಹೋಗ್ತಿದ್ದೆ ಕಣೋ ಚನ್ನ. ಈಗ ನಾನು ಹೋದ್ರೆ ನಾನೊಬ್ನೇ ಹೋದಂಗಾಗಲ್ಲ” ಎಂದರು. ಕಾಲಿಗೆ ಹಗ್ಗ ಬಿದ್ದವರ ಹಾಗೆ ಕೂತಿದ್ದರು. ಹತ್ತನೇ ಕ್ಲಾಸು ಮುಗಿಸಿ ಜೀಪು ಓಡಿಸುವ ನಾನು ಅವರ ಹತ್ತಿರ ಏನು ವಾದ ಮಾಡಲಿ ಹೇಳು. ಆದರೂ ದಿನಾ ಕೇಳಿದೆ. ದಿನಾ “ನೋಡಣ” ಎಂದರು. ನಿನಗೆ ಮುಟ್ಟಿದ ರಾದ್ಧಾಂತ ಇಷ್ಟೇ.

ಇವತ್ತು ಬೆಳಿಗ್ಗೆ ಅವರಿಬ್ಬರೂ ತಾವಾಗಿಯೇ ಬಂದರು. ಈ ಸಲ ಗೂಡಿಲ್ಲವಲ್ಲ, ಮಲ್ಲಿಗೆ ಹಾರ ತಂದಿದ್ದರು. “ಗೆದ್ಮೇಲೆ ಒಂದ್ಸಲಾನೂ ಕಣ್ತುಂಬ ನೋಡ್ಲಿಲ್ಲ, ನೋಡ್ಕೊಂಡು ಹೋಗಣ ಅಂತ ಬಂದ್ವಿ” ಎಂದರು ನಲ್ಲಪ್ಪ. ಅಪ್ಪ ಬೆಂಗಳೂರಿಗೆ ಹೋಗಿದ್ದಾರೆ ಎಂದೆ. ಹಾರ ನನ್ನ ಕೈಗೆ ಕೊಟ್ಟು ಹೋದರು.

ನಾನು ಇನ್ನು ಈ ಮನೆಯಲ್ಲಿ ಇರುವುದಿಲ್ಲ. ಸಾದಲಿಗೆ ಹೊರಟಿದ್ದೇನೆ. ಅವರು ಮತ್ತೆ ಹುಳ ಕಟ್ಟಿದ್ದಾರಂತೆ. ಸೊಪ್ಪು ಕುಯ್ದು ಕೊಡುತ್ತೇನೆ ಎಂದು ಕೇಳುತ್ತೇನೆ. ಎಮ್ಮೆಲ್ಲೆ ಮಗನ ಕೈಗೆ ಕುಡುಗೋಲು ಕೊಡಲು ಅವರು ಹೆದರಬಹುದು. ಬೇಡ ಎಂದುಬಿಟ್ಟರೆ ಎಲ್ಲಿಗೆ ಹೋಗುವುದೋ ನನಗೂ ಗೊತ್ತಿಲ್ಲ. ಅಮ್ಮನಿಗೆ ಆಗಾಗ ಕಾಗದ ಬರೆಯುತ್ತಿರು.

ಪುಟ್ಟಿ ನೂರು ಕಾಲ ಚೆನ್ನಾಗಿರಲಿ. ಬೈದರೂ ಪರವಾಗಿಲ್ಲ, ನನಗೂ ಒಂದು ಆಶೀರ್ವಾದ ಮಾಡು.

ನಿನ್ನ ತಮ್ಮ,
ಚನ್ನಕೇಶವ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮನೆಯಲ್ಲಿ ಕೂತು ಬರೆಯಲಾಗಲಿಲ್ಲ. ಈಗ ಬಸ್‌ಸ್ಟ್ಯಾಂಡಿನಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಅಪ್ಪ ಮನೆಯಲ್ಲೇ ಇದ್ದರು. ಕಿಟಕಿಯಿಂದ ನಲ್ಲಪ್ಪನವರನ್ನು ಕಂಡು, “ಇಲ್ಲ ಅನ್ನಪ್ಪ, ನಂಗೆ ಅವರ ಮುಖ ನೋಡೋಕಾಗಲ್ಲ” ಎಂದು ಒಳಕೋಣೆಗೆ ಹೋಗಿಬಿಟ್ಟರು. ನಾನು ಬೆಂಗಳೂರು ಎನ್ನುತ್ತಿರುವಾಗ ಲಕ್ಷ್ಮಿದೇವಮ್ಮ ಕೆಳಗೆ ನೋಡಿದರು. ಹೊಸ್ತಿಲ ಪಕ್ಕದಲ್ಲೇ ಅಪ್ಪನ ಬೂಟಿತ್ತು. ಅವತ್ತಿನದೇ. ಅವರು ಮೆಲ್ಲಗೆ ಅದರ ಮುಂದೆ ಬಂದು ನಿಂತು, ನಲ್ಲಪ್ಪನಿಗೆ ಕಾಣದ ಹಾಗೆ ಸೆರಗು ಇಳಿಬಿಟ್ಟರು. “ಪೋನೀಲೇ ನಾಯ್ನಾ, ಹೋಗ್ಲಿ ಬಿಡು, ದೊಡ್ಡೋರ್ಗೆ ನೂರು ಕೆಲ್ಸ ಇರ್ತೈತೆ” ಎಂದು ನನಗೇ ಸಮಾಧಾನ ಹೇಳಿದರು.

ಅಪ್ಪ ಮಧ್ಯಾಹ್ನದ ಊಟಕ್ಕೂ ಎದ್ದು ಬರಲಿಲ್ಲ. ನಾನು ಚೀಲ ಹಿಡಿದು ಹೊರಟಾಗ ಕೋಣೆಯೊಳಗಿಂದ, “ಯಾರದು, ಚನ್ನಾನಾ? ಅವರು ಹೋದ್ರಾ?” ಎಂದು ಕೇಳಿದರು. ನಾನು ಬೂಟು ದಾಟಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.